ಲಂಡನ್ ಕೂಲಿಗಳಿಗೆ ಹಳದಿ ಹೆಲ್ಮೆಟ್

ಸ್ವಲ್ಪ ತಾಳಿ, ಕುದುರೆ ಬರುವವರೆಗೆ ಎದ್ದು ಹೋಗಬೇಡಿ!

ತೊಂಬತ್ತರ ದಶಕದ ಬಹ್ರೇನ್. ಪುಸ್ತಕ ನೋಡಿಕೊಂಡು ನಾನೇ ಚಿತ್ರ ಕಲಿಯುತ್ತಿದ್ದೆ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಹಳೇ ಬೀದಿ ಒಡೆದು ಹೊಸ ಕಟ್ಟಡ ಕಟ್ಟುವ ಕೂಲಿಗಳು, ಪಕ್ಕದಲ್ಲೊಂದು ಕುದುರೆ. ಅಂಥದೊಂದು ಚಿತ್ರವನ್ನು ಕಷ್ಟಪಟ್ಟು ನಕಲು ಮಾಡಿದೆ. ಅದು ನಮ್ಮ ಹಾಲ್‌ನ ಗೋಡೆ ಏರಬೇಕೆಂಬುದೊಂದೇ ನನ್ನ ಆಸೆ.

ಅಪ್ಪ ಅಲ್ಲಿನ ಸೀಫ್ ಬಡಾವಣೆಯಲ್ಲಿ ಕಟ್ಟಡ ಕಟ್ಟುವ ಒಂದು ಸೈಟಿನಲ್ಲಿ ಸೇಫ್ಟಿ ಆಫೀಸರ್. ಚಿತ್ರ ನೋಡಿದವರೇ ಬೆಚ್ಚಿಬಿದ್ದರು.

“ಎಂತ ಮಾರಾಯ ಇದು? ಒಬ್ಬನ ತಲೆಗೂ ಹೆಲ್ಮೆಟ್ ಇಲ್ಲ!”

“ಅಪ್ಪಾ, ಅದು ಹಳೇ ಲಂಡನ್.”

“ಲಂಡನ್ ಆದ್ರೆ ತಲೆ ಒಡೆಯುದಿಲ್ವಾ? ಶುಕ್ರವಾರ ನಮ್ಮ ಮ್ಯಾನೇಜರ್ ಊಟಕ್ಕೆ ಬರ್ತಾರೆ. ಇದನ್ನು ಹಾಕ್ಲಿಕ್ಕೆ ಆಗುದಿಲ್ಲ.”

ಗೋಡೆಯ ಆಸೆಗೆ ಎಲ್ಲರ ತಲೆಗೂ ಹಳದಿ ಹೆಲ್ಮೆಟ್ ಬರೆದುಬಿಟ್ಟೆ. ಚಿತ್ರ ಗೋಡೆ ಏರಿತು.

ಶುಕ್ರವಾರ ಮೀನಿನ ಗಸಿ ಮುಗಿಸಿದ ಮ್ಯಾನೇಜರ್ ಅದರ ಮುಂದೆ ನಿಂತರು. “ಭಾರೀ ಲಾಯ್ಕ ಉಂಟು! ನಮ್ಮ ಸೈಟೇ ಅಲ್ವಾ?”

“ಹೌದು ಸರ್,” ಎಂದರು ಅಪ್ಪ, ಹೆಮ್ಮೆಯಿಂದ.

“ಮತ್ತೆ ಈ ಕುದುರೆಯನ್ನು ಒಳಗೆ ಬಿಟ್ಟದ್ದು ಯಾರು?”

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಅದಕ್ಕೆ ಗೇಟ್‌ಪಾಸ್ ಉಂಟು ಸರ್.”

ಚಿತ್ರ ಗೋಡೆಯಲ್ಲೇ ಉಳಿಯಿತು. ನಿಮ್ಮ ಮೊದಲ ಚಿತ್ರವನ್ನು ಮನೆಯವರು ಏನೇನು ತಿದ್ದಿಸಿದರು? ನನಗೂ ಬರೆದು ಹೇಳಿ.