ತೊಳೆದರೆ ಉಪಯೋಗಕ್ಕೆ ಬರುವ ದೇಶ

ನನಗೆ ಕ್ರೊಯೇಷಿಯನ್ ಭಾಷೆಯ ಹತ್ತಾರು ಪದಗಳು ಗೊತ್ತಿವೆ. ಎಲ್ಲವೂ ಮಣ್ಣಿನವು. ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲಾರೆ. ಮರಳುಮಣ್ಣಿನಲ್ಲಿ ನೀರು ನಿಲ್ಲದೆಂದು ಮಾತ್ರ ಹೇಳಬಲ್ಲೆ. ಇಂಥ ಪಾಂಡಿತ್ಯ ಉಡುಪಿಯ ಹೆಂಗಸಿಗೆ ಒಮಾನಿನಲ್ಲಲ್ಲದೆ ಇನ್ನೆಲ್ಲಿ ದಕ್ಕೀತು?

ತೊಂಬತ್ತೊಂದರಲ್ಲಿ ನಾನು ಒಮಾನಿನ ವಾದಿ ಕಬೀರ್ ಎಂಬಲ್ಲಿ ಒಂದು ಕೃಷಿ ಸಲಹಾ ಕಂಪನಿಯಲ್ಲಿ ಟೈಪಿಸ್ಟ್. ಇಬ್ರಾ ಎಂಬ ಊರಿನ ಶೇಖ್ ಒಬ್ಬರು ತೋಟ ಮಾಡಹೊರಟಿದ್ದರು. ಅವರ ಜಮೀನು ಪರೀಕ್ಷಿಸಲು ಯುಗೊಸ್ಲಾವಿಯಾದ ಝಾಗ್ರೆಬ್‌ನಿಂದ ಬಂದ ಮಣ್ಣಿನ ತಜ್ಞ ಇವಾನ್, ಅಲ್ಲಲ್ಲಿ ಗುಂಡಿ ತೋಡಿಸಿ ನೋಡಿ, ತಮ್ಮ ಭಾಷೆಯಲ್ಲೇ ವರದಿ ಬರೆದರು. ಅದನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನ ಬಿ.ಎ. ಪದವಿಯ ತಲೆಗೆ ಬಿತ್ತು. ಇವಾನ್ ಅವರ ಇಂಗ್ಲಿಷ್ ಹೆಚ್ಚಾಗಿ ಕೈಗಳಲ್ಲಿತ್ತು. ಅಂಟುಮಣ್ಣು ಎನ್ನಲು ಎರಡೂ ಅಂಗೈ ಒತ್ತಿ, ಕಷ್ಟಪಟ್ಟು ಬಿಡಿಸಿಕೊಳ್ಳುವರು. ನಾನು ಟೈಪ್ ಮಾಡುವೆ.

ಈ ವೇಗ ನಮ್ಮ ಮ್ಯಾನೇಜರ್, ಮಂಗಳೂರಿನ ಫೆರ್ನಾಂಡಿಸರಿಗೆ ಹಿಡಿಸಲಿಲ್ಲ. "ಎಂತ ಮಾರಾಯ್ತಿ, ನಾಟಕ ಆಡಿ ವರದಿ ಮುಗಿಸ್ಲಿಕ್ಕುಂಟಾ? ಡಿಕ್ಷನರಿ ತಂದಿದ್ದೇನೆ. ನೋಡುದು, ಹಾಕುದು, ಖಲಾಸ್!" ಎಂದು ಉಳಿದ ಪುಟಗಳಿಗೆ ತಾವೇ ಕೂತರು. 'ಝೆಮ್ಲ್ಯಾ' ಎಂಬ ಪದಕ್ಕೆ ಅವರ ಅಂಗೈಯಗಲದ ಡಿಕ್ಷನರಿ 'ದೇಶ' ಎಂದಿತು. ಎಲ್ಲ ಕಡೆ ಅದನ್ನೇ ಹಾಕಿದರು.

"ಸರ್, ದೇಶದಲ್ಲಿ ಎರೆಹುಳ ಇಲ್ಲ ಅಂತ ಉಂಟಲ್ಲ?" ಎಂದೆ.

"ತಜ್ಞರ ಭಾಷೆ ಹಾಗೇ ಇರುದು. ನೀವು ಸುಮ್ಮನಿರಿ."

ವರದಿ ಶೇಖರ ಕೈ ಸೇರಿದ ವಾರದಲ್ಲೇ ಮೂವರಿಗೂ ಕರೆ ಬಂತು. ಇಬ್ರಾ ತಲುಪುವವರೆಗೂ ಫೆರ್ನಾಂಡಿಸ್ ಜಪಮಾಲೆ ಬಿಡಲಿಲ್ಲ. ಶೇಖ್ ನಮ್ಮನ್ನು ಕೂರಿಸಿ, ನಿಧಾನವಾದ ಇಂಗ್ಲಿಷಿನಲ್ಲಿ ಓದಿದರು: "ಈ ದೇಶ ಬಡವಾದದ್ದು. ಆಳವಿಲ್ಲ. ಉಪ್ಪು ಜಾಸ್ತಿ. ಚೆನ್ನಾಗಿ ತೊಳೆಯದೆ ಯಾವ ಕೆಲಸಕ್ಕೂ ಬಾರದು." ಕನ್ನಡಕ ತೆಗೆದು ಕೇಳಿದರು: "ಯಾವ ದೇಶ?"

ಅವರೊಂದು ಫೋನ್ ಮಾಡಿದರೆ ಮೂವರ ವೀಸಾವೂ ಮುಗಿದಂತೆ. ಫೆರ್ನಾಂಡಿಸ್ ನನ್ನತ್ತ ನೋಡಿದರು. ನಾನು ಎದ್ದು ಅಂಗಳದಿಂದ ಒಂದು ಹಿಡಿ ಮಣ್ಣು ತಂದು ಇವಾನ್ ಅವರೆದುರು ಹಿಡಿದೆ. "ಇದು?"

"ಝೆಮ್ಲ್ಯಾ."

"ನಿಮ್ಮ ಯುಗೊಸ್ಲಾವಿಯಾ?"

ಇವಾನ್ ಆ ಮಣ್ಣನ್ನೇ ನೋಡುತ್ತ, "ಅದೂ ಝೆಮ್ಲ್ಯಾ" ಎಂದರು.

ಶೇಖ್ ಗಡ್ಡ ಕುಲುಕುವಷ್ಟು ನಕ್ಕು ಕಾಫಿ ತರಿಸಿದರು. ಫೆರ್ನಾಂಡಿಸ್ ಮೂರು ಖರ್ಜೂರ ಒಟ್ಟಿಗೇ ಬಾಯಿಗೆ ಹಾಕಿಕೊಂಡರು.

ಮರುದಿನ ನಾನು ಕೂತು ದೇಶವನ್ನೆಲ್ಲ ಮಣ್ಣು ಮಾಡಿದೆ. ಹಳೆಯ ವರದಿ ಹರಿಯಹೊರಟಾಗ ಇವಾನ್ ತಡೆದರು. ಅವರಿಗೊಂದು ಪ್ರತಿ ಬೇಕಂತೆ. ಆಗ ಅವರ ದೇಶ ಹೋಳಾಗಿ ಯುದ್ಧ ನಡೆಯುತ್ತಿತ್ತು. ಬಿಡುವು ಸಿಕ್ಕಾಗಲೆಲ್ಲ ರೇಡಿಯೋಕ್ಕೆ ಕಿವಿ ಹಚ್ಚುತ್ತಿದ್ದರು.

"ತಪ್ಪು ವರದಿ ಯಾಕೆ?" ಎಂದೆ.

"ಮಣ್ಣಿನ ವರದಿ ನಮ್ಮಲ್ಲಿ ಯಾರೂ ಓದುವುದಿಲ್ಲ. ಇದು ದೇಶದ ವರದಿ. ಇದನ್ನಾದರೂ ಓದಲಿ."

ಅವರು ನಗುತ್ತಿರಲಿಲ್ಲ. ನಾನು ಎರಡು ಝೆರಾಕ್ಸ್ ತೆಗೆದೆ. ಒಂದು ಅವರಿಗೆ. ಇನ್ನೊಂದು, ರಜೆಯಲ್ಲಿ ಊರಿಗೆ ಹೋಗುವಾಗ ಬೇಕಾದೀತೆಂದು ನನಗೆ.