ಅಡ್ಡಪಟ್ಟಿಯ ಅಂಗಿ

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಉಲ್ಹಾಸನಗರದ ಒಂದು ಸಣ್ಣ ರೆಡಿಮೇಡ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರರ ಕೈಕೆಳಗೆ ಕೆಲಸಕ್ಕಿದ್ದೆ. ಮನೆ ಡೊಂಬಿವಲಿಯ ಚಾಳಿನಲ್ಲಿ. ಬಿಜಾಪುರದ ಕಡೆಯಿಂದ ಬಂದಿದ್ದ ಅಪ್ಪ ಕಲ್ಯಾಣದ ಕಾಳಿನ ಬಜಾರಿನಲ್ಲಿ ಚೀಲ ಹೊರುತ್ತಿದ್ದ. ಅವ್ವ ಅವನ ಜತೆಗಾರ ಹಮಾಲರಿಗೆಲ್ಲ ಕೈಮಷಿನ್ನಿನಲ್ಲಿ ಪಟ್ಟಾಪಟ್ಟಿ ಚಡ್ಡಿ ಹೊಲಿದುಕೊಡುತ್ತಿದ್ದಳು. ಮೊಣಕಾಲ ತನಕ ಬರುವ, ಲಾಡಿ ಕಟ್ಟುವ, ಧೋತರ ಎತ್ತಿ ಕಟ್ಟಿದರೆ ಕೆಳಗೆ ಕಾಣುವ ಚಡ್ಡಿ. ಶಾಲೆಗೆ ಹೋಗುತ್ತಿದ್ದಾಗ ಗೆಳತಿಯರು ಮನೆಗೆ ಬಂದರೆ ನಾನು ಮೊದಲು ಹೋಗಿ ತಂತಿಯ ಮೇಲಿನ ಚಡ್ಡಿಗಳನ್ನು ತೆಗೆದು ಒಳಗಿಡುತ್ತಿದ್ದೆ.

ಒಂದು ದಿನ ಕಾರ್ಖಾನೆಗೆ ಬಂದ ಬಟ್ಟೆಯ ಥಾನು ಬಿಚ್ಚಿದರೆ ಅದೇ ಚಡ್ಡಿಯ ಬಟ್ಟೆ. ನೀಲಿ, ಬಿಳಿ, ನಡುವೆ ತೆಳ್ಳನೆಯ ಕೆಂಪು ಗೆರೆ. ಕಾಲೇಜು ಹುಡುಗಿಯರ ಅಂಗಿಗೆ ಈಗ ಇದೇ ಫ್ಯಾಷನ್ ಎಂದರು ಮಾಲೀಕರು. ಅದು ಏನೆಂದು ನನಗೆ ಗೊತ್ತಿತ್ತು.

ಶನಿವಾರ ಮಾಸ್ಟರರಿಗೆ ಜ್ವರ. ಉಡುಪಿಯ ಕಡೆಯವರು, ನನ್ನ ಮೇಲೆ ನಂಬಿಕೆ ಇಟ್ಟಿದ್ದವರು. "ಮುಂಭಾಗ ಮಾತ್ರ ಕತ್ತರಿಸಿಡು ಮಾರಾಯ್ತಿ, ಉಳಿದದ್ದು ಸೋಮವಾರ ನಾನು ಬಂದು ನೋಡ್ತೇನೆ" ಎಂದು ಹೇಳಿಹೋದರು. ನಾನು ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಪಿನ್ನು ಚುಚ್ಚದೆ ಕತ್ತರಿ ಆಡಿಸಿದೆ. ಕೆಳಗಿನ ಪದರಗಳು ಜಾರಿದ್ದು ಗೊತ್ತೇ ಆಗಲಿಲ್ಲ. ಎಲ್ಲ ಕತ್ತರಿಸಿದ ಮೇಲೆ ಎರಡು ತುಂಡು ಜೋಡಿಸಿ ನೋಡಿದೆ. ಪಟ್ಟೆಗಳು ನೆಟ್ಟಗಿದ್ದವು, ಆದರೆ ಗುಂಡಿ ಹಾಕುವ ಕಡೆ ಎಡಭಾಗ ನೀಲಿಯಲ್ಲಿ ಮುಗಿದರೆ ಬಲಭಾಗ ಕೆಂಪು ಗೆರೆಯ ಮೇಲೆ ಬರುತ್ತಿತ್ತು. ಇನ್ನೊಂದು ಜೋಡಿ ತೆಗೆದೆ. ಅದೂ ಹಾಗೆಯೇ. ಸುಮಾರು ಅರವತ್ತು ಅಂಗಿ. ಒಂದು ಜೋಡಿ ತುಂಡನ್ನೂ ಕತ್ತರಿಸಿ ಉಳಿದ ಚೂರುಗಳನ್ನೂ ಊಟದ ಚೀಲದಲ್ಲಿ ತುರುಕಿಕೊಂಡು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತ ನನ್ನ ಮುಖ ನೋಡಿದಳು.

"ಯಾಕವಾ, ನಿನ್ನೆಯಿಂದ ಮಾರಿ ಸಣ್ಣ ಮಾಡಿ ಕುಂತೀಯಲ್ಲ?"

ನಾನು ತುಂಡುಗಳನ್ನು ಅವಳ ಮುಂದೆ ಹಾಸಿದೆ. ಅವಳು ಬೈಯಲಿಲ್ಲ. ಕೈ ತೊಳೆದು ಬಂದು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ನಮ್ಮ ಚಡ್ಡಿ ಬಟ್ಟಿ ಅಲ್ಲೇನ?" ಎಂದಳು.

"ಈಗ ಹೆಣ್ಣುಮಕ್ಕಳು ಇದರಾಗ ಅಂಗಿ ಹೊಲಿಸ್ಕೋತಾರಂತ."

"ಹೊಲಿಸ್ಕೊಳ್ಳಲಿ. ಗಟ್ಟಿ ಬಟ್ಟಿ, ಬಾಳಿಕಿ ಬರತೈತಿ."

ಅಕ್ಷರ ಬಾರದ ಅವ್ವ ಅಳತೆ ಟೇಪು ಮುಟ್ಟಿದವಳಲ್ಲ. ಪಟ್ಟೆಗಳನ್ನು ಎಣಿಸಿಯೇ ಚಡ್ಡಿ ಕತ್ತರಿಸುತ್ತಿದ್ದಳು. ಸೊಂಟದ ಕಡೆ ಪಟ್ಟೆ ಕೂಡದಿದ್ದರೆ, ಲಾಡಿ ಹೋಗುವ ಪಟ್ಟಿಯನ್ನು ಅಡ್ಡಕ್ಕೆ ಕತ್ತರಿಸಿ ಮೇಲೆ ಹೊಲಿದುಬಿಡುತ್ತಿದ್ದಳು. ಈಗಲೂ ಅದನ್ನೇ ಮಾಡಿದಳು. ಚೂರಿನಿಂದ ಅಡ್ಡಪಟ್ಟೆಯ ಉದ್ದನೆಯ ತುಂಡು ತೆಗೆದು, ಗುಂಡಿ ಬರುವ ಅಂಚಿನ ಮೇಲೆ ಕೂರಿಸಿ ಹೊಲಿದಳು. ಎಡ-ಬಲದ ಜಗಳ ಅದರ ಕೆಳಗೆ ಮುಚ್ಚಿಹೋಯಿತು.

"ಕಿಸೇನೂ ಅಡ್ಡ ಇಡು" ಎಂದಳು. "ಇದೊಂದ ಅಡ್ಡ ಇದ್ರ ತ್ಯಾಪಿ ಹಚ್ಚಿದಂಗ ಕಾಣತೈತಿ. ಎರಡೂ ಇದ್ರ ಬೇಕಂತ ಮಾಡಿದಂಗ ಇರತೈತಿ."

ಸೋಮವಾರ ನಾನು ಬೇಡವೆಂದರೂ ಕೇಳದೆ ಅವ್ವ ಜೊತೆಗೆ ಹೊರಟಳು. ಮಾಸ್ಟರರು ಮೇಜಿನ ಮುಂದೆ ನಿಂತು ತುಂಡುಗಳನ್ನು ಜೋಡಿಸಿ ನೋಡುತ್ತಿದ್ದರು. ಮುಖ ಕೆಂಪಾಗಿತ್ತು.

"ಇದೆಂತ ಮಾಡಿದ್ದೀಯಾ?"

"ತಪ್ಪಾಯ್ತು ಮಾಸ್ಟರೇ. ಪಿನ್ನು ಹಾಕ್ಲಿಲ್ಲ" ಎಂದೆ. ದಾರಿಯುದ್ದಕ್ಕೂ ಕಟ್ಟಿಟ್ಟುಕೊಂಡಿದ್ದ ನೆಪಗಳೆಲ್ಲ ಎಲ್ಲಿ ಹೋದವೋ. ಅವ್ವ ಸೆರಗಿನೊಳಗಿನಿಂದ ಹೊಲಿದ ಮುಂಭಾಗ ತೆಗೆದು ಮೇಜಿನ ಮೇಲಿಟ್ಟಳು. "ಹಿಂಗ ಮಾಡಿದ್ರ ನಡೀತೈತೇನ ನೋಡ್ರಿ ಅಣ್ಣಾರ."

ಮಾಸ್ಟರರು ಅದನ್ನು ಮಗುಚಿ ಒಳಹೊಲಿಗೆ ನೋಡಿದರು. ಆಮೇಲೆ ತಮ್ಮ ಎದೆಗೆ ಹಿಡಿದುಕೊಂಡು ಕನ್ನಡಿಯಲ್ಲಿ ನೋಡಿಕೊಂಡರು. ನಗು ಬಂತು, ತಡೆದುಕೊಂಡರು. ಹಾಗೆಯೇ ಮಾಲೀಕರ ಕೋಣೆಗೆ ಒಯ್ದರು. ಬಾಗಿಲು ಮುಚ್ಚಿತು. ಒಳಗಿನ ಹಿಂದಿ ಮಾತು ಹೊರಗೆ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ನಾನು ಅವ್ವನ ಕೈ ಹಿಡಿದು ನಿಂತೆ. ಚಿಕ್ಕಂದಿನ ನಂತರ ಹಾಗೆ ಹಿಡಿದದ್ದು ಅದೇ ಮೊದಲಿರಬೇಕು.

ಮಾಸ್ಟರರು ಹೊರಬಂದು, "ಎಲ್ಲದಕ್ಕೂ ಹೀಗೇ ಮಾಡ್ಬೇಕಂತೆ. ಸೇಠರಿಗೆ ಹಿಡಿಸಿದೆ" ಎಂದರು. ನನ್ನ ಕಡೆ ತಿರುಗಿ, "ಇನ್ನು ಪಿನ್ನು ಹಾಕದೆ ಕತ್ತರಿ ಮುಟ್ಟಿದ್ರೆ ಮನೆಗೆ ಕಳಿಸ್ತೇನೆ." ಅವ್ವನಿಗೆ ಸ್ಟೂಲು ಎಳೆದು ಕೊಟ್ಟು, ಚಹಾ ತರಿಸಿದರು.

ಅಂದು ಸಂಜೆಯ ತನಕ ಅವ್ವ ಅಲ್ಲಿಯೇ ಕುಳಿತು ಅಡ್ಡಪಟ್ಟಿಗಳನ್ನು ಕತ್ತರಿಸಿಕೊಟ್ಟಳು. ಯಾರೋ ಟೇಪು ಕೊಡಲು ಹೋದರೆ, ಬೇಡವೆಂದು ಕೈ ಆಡಿಸಿದಳು. ಹಿಂತಿರುಗುವ ಲೋಕಲ್ ರೈಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಎರಡು ರಾತ್ರಿ ನಿದ್ದೆ ಇಲ್ಲದ ನಾನು ಕಲ್ಯಾಣ ದಾಟುವ ಮೊದಲೇ ಅವಳ ಹೆಗಲಿಗೆ ಒರಗಿದ್ದೆ. ಅವಳೂ ಕಣ್ಣು ಮುಚ್ಚಿದ್ದಳಂತೆ. ಎಚ್ಚರವಾದಾಗ ಡೊಂಬಿವಲಿ ಹಿಂದೆ ಹೋಗಿ ಗಾಡಿ ದಿವಾದಲ್ಲಿ ನಿಂತಿತ್ತು. ದಡಬಡಿಸಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ವಾಪಸು ಹೋಗುವ ಗಾಡಿಗೆ ಇನ್ನೂ ಹೊತ್ತಿತ್ತು. ನಮಗೇನೂ ಅವಸರವಿರಲಿಲ್ಲ.