ವಿಮಾನದ ಸ್ಕ್ರೂ, ಹಣಮವ್ವನ ಉಗುರು

ಬೆಳಗಿನ ಆರು ಗಂಟೆ. ರಾಜ್ಯದ ಗಡಿಯಾಚೆಯ ಕುಪವಾಡದ ಕಾರ್ಖಾನೆ ಸಾಲಿನಲ್ಲಿ ಯಂತ್ರಗಳಿನ್ನೂ ಸದ್ದು ಮಾಡಿಲ್ಲ. ಕಿಟಕಿಯ ಪಕ್ಕದ ಮೇಜಿನ ಮುಂದೆ ಹಣಮವ್ವ ಕೂತಿದ್ದಾರೆ. ಉಕ್ಕಿನ ತಟ್ಟೆಯ ಕುಳಿಯಲ್ಲಿ ಸ್ಕ್ರೂ ಇಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳ ಉಗುರನ್ನು ಅದರ ತಲೆಯ ಮೇಲೆ ಎಳೆಯುತ್ತಾರೆ. ಉಗುರು ಸಲೀಸಾಗಿ ಹೋದರೆ ಬಲಗಡೆಯ ಡಬ್ಬಿಗೆ, ಎಡವಿದರೆ ಎಡಗಡೆಯದಕ್ಕೆ. ದಿನಕ್ಕೆ ಎಂಟುನೂರು.

ರೇಡಾರಿಗೆ ಸಿಗದ ಯುದ್ಧವಿಮಾನದ ಮೈ ಎಲ್ಲೂ ಉಬ್ಬಿರಬಾರದು, ತಗ್ಗಿರಬಾರದು. ಕೂದಲೆಳೆಯಷ್ಟು ಏರುಪೇರೂ ಗುಟ್ಟು ಬಿಟ್ಟುಕೊಡಬಹುದು. ಚೀನಾದ ಅಂಥ ವಿಮಾನಗಳು ಆಗಲೇ ಹಾರುತ್ತಿವೆ; ನಮ್ಮದು ಇನ್ನೂ ತಯಾರಾಗಬೇಕು. ಅದರ ಮೈಗೆ ಕೂರಿಸಿ ಪರೀಕ್ಷಿಸಲು ಬೇಕಾದ ಆರುನೂರು ಸ್ಕ್ರೂ ಮಾಡುವ ಕೆಲಸ ಹೋದ ವರ್ಷ ಧನಪಾಲರ ಈ ಸಣ್ಣ ಕಾರ್ಖಾನೆಗೆ ಸಿಕ್ಕಿತು. ಮೊದಲ ಕಂತು ಕೆಟ್ಟರೆ ಎರಡನೆಯದಿಲ್ಲ.

ಹಣಮವ್ವನದು ಖಂಡೇರಾಜುರಿ ಎಂಬ ಹಳ್ಳಿಯ ಕುರಿ ಸಾಕುವ ಮನೆ. ಉಣ್ಣೆಯೊಳಗಿನ ಮುಳ್ಳನ್ನು ಬೆರಳಲ್ಲೇ ಹುಡುಕಿ ತೆಗೆದು ಬೆಳೆದವರು. ಗಂಡ ವಿಠೋಬಾ ದುಡಿಯುತ್ತಿದ್ದ ನೂಲಿನ ಗಿರಣಿ ಮುಚ್ಚಿದಾಗ, ಇಲ್ಲಿ ಹೊಲಗಳಲ್ಲಿ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ಹಣಮವ್ವ ಲೋಹದ ಚೂರು ಗುಡಿಸಲು ಬಂದರು. "ಗುಡಸೂಮುಂದ ಸ್ಕ್ರೂ ಕೈಗೆ ಹತ್ತೂವು. ಇದು ಡೊಂಕ ಐತ್ರಿ ಅಂತಿದ್ದೆ. ಮೊದಲ ನಕ್ಕರು. ಆಮ್ಯಾಲ ಮೇಜಿಗೆ ಕುಂಡ್ರಿಸಿದ್ರು."

ಆ ಆರುನೂರು ಸಿದ್ಧವಾದದ್ದು ದಸರೆಯ ಮರುದಿನ. ಅಳತೆಯ ಯಂತ್ರ ಎಲ್ಲವನ್ನೂ ಒಪ್ಪಿತ್ತು. ಡಬ್ಬಿ ಮುಚ್ಚುವ ಮುನ್ನ ಹಣಮವ್ವ ಮೇಲಿದ್ದ ಒಂದನ್ನು ತಟ್ಟೆಯ ಕುಳಿಯಲ್ಲಿಟ್ಟು ಉಗುರು ಎಳೆದರು. ಇಳಿಯಿತು. ಇನ್ನೊಂದು. ಅದೂ ಇಳಿಯಿತು.

"ಅಣ್ಣಾರ, ಇವು ತಗ್ಗ ಅದಾವು."

"ಮಾವಶಿ, ಮೂರು ಲಕ್ಷದ ಯಂತ್ರ ಸುಳ್ಳ, ನಿಮ್ಮ ಉಗರ ಖರೆ ಏನ್ರಿ?" ಧನಪಾಲ ರೇಗಿದರು.

"ಗಾಡಿ ಬಾಗಲದಾಗ ನಿಂತೈತಿ ಮಾವಶಿ, ಆತಾ ಕಾಯ್, ಈಗೇನ ಮಾಡೂದು?" ಎಂದಳು ಜೊತೆಗೆ ಕೆಲಸ ಮಾಡುವ ವೃಷಾಲಿ.

ಹಣಮವ್ವ ಅಳತೆಯ ಯಂತ್ರದ ಕಡೆ ಹೋದರು. ಯಂತ್ರದಲ್ಲಿ ಸ್ಕ್ರೂ ಕೂರುವ ಕುಳಿಯನ್ನು ಬಿಳಿ ಬಟ್ಟೆಯಿಂದ ಒರೆಸಿದರು. ಬಟ್ಟೆ ಹಳದಿಯಾಯಿತು. ದಸರೆಯ ಹಿಂದಿನ ದಿನ, ಖಂಡೇನವಮಿಯ ಆಯುಧಪೂಜೆಗೆ ಯಂತ್ರಕ್ಕೆ ಹಚ್ಚಿದ ಅರಿಷಿಣ. ಒಣಗಿದ ಆ ತೆಳು ಪದರ ಪ್ರತಿ ಸ್ಕ್ರೂವನ್ನೂ ತುಸು ಎತ್ತಿ ಹಿಡಿದಿತ್ತು; ಸರಿಯಿದ್ದವು ಮಿತಿಯೊಳಗೇ ಉಳಿದಿದ್ದವು, ತಗ್ಗಾದವೂ ಸಮವೆಂದೇ ಯಂತ್ರ ಹೇಳಿತ್ತು.

"ನಾನ ಹಚ್ಚಿದ್ದೆ. ಭಕ್ತಿಲೆ ಹಚ್ಚಿದ್ದೆ. ತಪ್ಪ ನಂದು. ಗಾಡಿ ಹೊಳ್ಳಿ ಕಳಸ್ರಿ."

ಗಾಡಿ ಬರಿದಾಗಿ ಹೋಯಿತು. ಆರುನೂರನ್ನೂ ಅವರು ಮತ್ತೆ ಒಂದೊಂದಾಗಿ ನೋಡಿದರು. ಕೊನೆಗೆ ಮಾಡಿದ ನಲವತ್ತೊಂದು ತಗ್ಗಾಗಿದ್ದವು. ಅಷ್ಟನ್ನೂ ಹೊಸದಾಗಿ ಮಾಡಿದರು. ಮಾಲು ನಾಲ್ಕು ದಿನ ತಡ. ಮಾಲು ಕೊಳ್ಳುವವರಿಗೆ ಕಾರಣ ಬರೆಯಲು ಕೂತ ಧನಪಾಲ ಪೆನ್ನು ಎತ್ತಿ ಹಿಡಿದೇ ಕೇಳಿದರು, "ಅರಿಷಿಣ ಅಂತ ಹೆಂಗ ಬರೀಲಿ? ನಗತಾರ."

"ನಗಲಿ. ಬರೀರಿ. ನನ್ನ ಹೆಸರೂ ಬರೀರಿ."

ಯಾರು ನಕ್ಕರೋ ತಿಳಿಯದು. ಮಾಲು ಪಾಸಾಯಿತು, ಎರಡನೆಯ ಕಂತೂ ಬಂತು. ಇಂದು ಬೆಳಿಗ್ಗೆ ಬಲಗಡೆಯ ಡಬ್ಬಿಗೆ ಬೀಳುತ್ತಿರುವುದು ಅದೇ. ಈ ಸಲದ ಪೂಜೆಯ ಅರಿಷಿಣ ಯಂತ್ರದ ಕುಳಿಯಲ್ಲಿಲ್ಲ, ಅದನ್ನಿಡುವ ಮರದ ಪೆಟ್ಟಿಗೆಯ ಮೇಲಿದೆ.

ಆ ವಿಮಾನ ಹಾರುವ ದಿನ ಏನಾಸೆ ಎಂದು ಕೇಳಿದರೆ ಅವರು ಮುಂದಿನ ಸ್ಕ್ರೂ ಎತ್ತಿಕೊಳ್ಳುತ್ತಾರೆ. ನಾಲ್ಕೈದು ಸ್ಕ್ರೂ ಡಬ್ಬಿ ಸೇರುತ್ತವೆ.

"ಹಾರೂಕಿಂತ ಮೊದಲ ಒಮ್ಮೆ ಅದರ ಮಗ್ಗಲದಾಗ ನಿಲ್ಲಬೇಕ್ರಿ. ಈ ತುದಿಯಿಂದ ಆ ತುದೀತನಕ ಉಗರ ಎಳೀಬೇಕು. ಎಲ್ಲೂ ಎಡವಬಾರದು."